ಇಪ್ಪತ್ತೆರಡು ಇಂಚು

ಕತ್ತರಿಯಕ್ಕನಿಗೆ ಊರು ಗೊತ್ತಿದ್ದದ್ದು ಇಂಚುಗಳಲ್ಲಿ. ಮನೆಯ ಹೊಸ್ತಿಲು ಮೂರು ಇಂಚು, ದಾಟಬಹುದು. ಔಷಧದಂಗಡಿಯ ಮೆಟ್ಟಿಲು ಐದು, ಬಾಗಿಲ ಕಂಬಿ ಹಿಡಿದರೆ ಹತ್ತಬಹುದು. ಅಂಚೆ ಕಚೇರಿಯದು ಏಳೂವರೆ. ಅಲ್ಲಿಗೆ ಗಂಡನೇ ಹೋಗಬೇಕು. ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಬಟ್ಟೆ ಕತ್ತರಿಸುವವಳು ಅವಳು. ಕೊರಳಲ್ಲಿ ಸದಾ ಟೇಪು. ಅಳೆಯದೆ ಹೆಜ್ಜೆ ಇಡದ ಗುಣ ಕಸುಬಿನಿಂದ ಬಂತೋ ಕಾಯಿಲೆಯಿಂದ ಬಂತೋ, ಅವಳಿಗೇ ಹೇಳಲು ಬರುತ್ತಿರಲಿಲ್ಲ.

ಕಾಯಿಲೆ ಬಂದದ್ದು ಕಳ್ಳಹೆಜ್ಜೆಯಲ್ಲಿ. ಮೊದಲು ಬಸ್ಸಿನ ಮೆಟ್ಟಿಲು ಎತ್ತರವಾಯಿತು. ಆಮೇಲೆ ನೆಲದ ಮೇಲೆ ಕೂತರೆ ನೆಲ ಅವಳನ್ನು ಬಿಡಲೊಲ್ಲದಾಯಿತು. ಸೊಂಟದ, ತೊಡೆಯ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುತ್ತವೆ, ಹೋದ ಬಲ ಮರಳುವುದಿಲ್ಲ, ಮುಂದೆ ತೋಳಿಗೂ ಬರಬಹುದು ಎಂದು ವೈದ್ಯೆ ಬಿಡಿಸಿ ಹೇಳಿದ್ದಳು. ಮರಗೆಲಸದ ಗಂಡ ಮರುದಿನ ಮಂಚದ ಕಾಲು, ಕುರ್ಚಿಯ ಕಾಲು ಎಲ್ಲದರ ಅಡಿಗೂ ಮರದ ತುಂಡು ಜೋಡಿಸಿದ. ಅಲ್ಲಿಂದ ಅದೊಂದು ವಾಡಿಕೆಯಾಯಿತು. ಬೇರೆಯವರು ಮಕ್ಕಳ ಎತ್ತರ ಗುರುತು ಹಾಕುವ ಬಾಗಿಲ ಚೌಕಟ್ಟಿನ ಮೇಲೆ ಇವರು ಕುರ್ಚಿಯ ಎತ್ತರ ಗುರುತು ಹಾಕುತ್ತಿದ್ದರು.

"ನಮ್ಮನೆ ಕುರ್ಚಿ ಚೆನ್ನಾಗಿ ಬೆಳೀತಾ ಇದೆ ಕಣೇ," ಎನ್ನುತ್ತಿದ್ದ ಗಂಡ.

"ಅಪ್ಪನ ಮನೆ ಕಡೆಯ ಎತ್ತರ ಬಂದಿರಬೇಕು," ಎನ್ನುತ್ತಿದ್ದಳು ಅವಳು.

ಈ ವರ್ಷದ ಗುರುತು ಇಪ್ಪತ್ತೆರಡು ಇಂಚು. ಅದಕ್ಕಿಂತ ಕೆಳಗೆ ಕೂತರೆ ತಾನಾಗಿ ಏಳಲಾರಳು.

ಇದು ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ ಮಂಡಿನೋವು ಎಂದಿದ್ದಳು. ಮೇಜಿನ ಪಕ್ಕ ಅವಳದೊಂದು ಇಪ್ಪತ್ತನಾಲ್ಕು ಇಂಚಿನ ಸ್ಟೂಲು. ಮೇಜಿನ ಅಂಚಿಗೆ ಅಂಗೈ ಊರಿ, ಮುಂದಕ್ಕೆ ಬಾಗಿ, ಒಂದು ಎರಡು ಎಂದು ಮೈ ತೂಗಿ, ಮೂರಕ್ಕೆ ಎದ್ದುಬಿಡುತ್ತಿದ್ದಳು. ಹತ್ತು ಪದರ ಬಟ್ಟೆಯನ್ನು ನಿಂತೇ ಕತ್ತರಿಸಬೇಕು, ಕತ್ತರಿಯ ಮೇಲೆ ಮೈಭಾರ ಬೀಳಬೇಕು. ನಿಲ್ಲಲಾರದವಳಿಗೆ ಈ ಮೇಜಿನ ಮುಂದೆ ಏನು ಕೆಲಸ ಎಂದು ಅಂಗಡಿಯ ಯಜಮಾನರು ಒಮ್ಮೆ ಕೇಳಿಬಿಟ್ಟರೆ? ಆ ಒಂದು ಮಾತಿಗೆ ಅವಳು ಏಳು ವರ್ಷದಿಂದ ಹೆದರುತ್ತಿದ್ದಳು.

ಆಸ್ಪತ್ರೆಯ ಪರೀಕ್ಷೆಗೆಂದು ಎರಡು ದಿನ ರಜೆ ಹಾಕಿ ಬಂದ ಬೆಳಿಗ್ಗೆ ಎಂದಿನಂತೆ ಸ್ಟೂಲಿನ ಮೇಲೆ ಕೂತಳು. ಕೂತದ್ದಲ್ಲ, ಇಳಿದದ್ದು. ಮೇಲಿದ್ದ ಹೊಸ ದಿಂಬು ಹೂತು, ಮೈ ಎಲ್ಲೋ ಕೆಳಗೆ ಹೋಗಿ ನಿಂತಿತು.

"ಹೇಗಿದೆ ಸಿಂಹಾಸನ?" ಎಂದಳು ಕಾಜಾ ಚಿಕ್ಕಮ್ಮ. ಅಂಗಿಗಳಿಗೆ ಕಾಜಾ ತೆಗೆದು ಗುಂಡಿ ಹಚ್ಚುವ ಈ ಹಿರಿಯಳ ಬೆರಳಿಗೂ ಬಾಯಿಗೂ ಬಿಡುವೆಂಬುದಿಲ್ಲ.

"ಏನ್ ಮಾಡಿದ್ರಿ ಚಿಕ್ಕಮ್ಮ ಇದಕ್ಕೆ?"

"ಐದು ಇಂಚು ಕುಯ್ಸಿದೆ. ಮಂಡಿನೋವಿನವಳು ದಿನಾ ಅಟ್ಟ ಹತ್ತಿ ಕೂತ್ಕೊಂಡ್ರೆ ನನ್ನ ಕರುಳು ಚುರ್ ಅನ್ನಲ್ವಾ? ದಿಂಬು ನನ್ನ ಕೈದೇ."

ಹೊಲಿಗೆಯವರ ಬುದ್ಧಿಯೇ ಅಂಥದ್ದು. ಉದ್ದ ಕಂಡರೆ ಗಿಡ್ಡ ಮಾಡಬೇಕು. ಆದರೆ ಚಡ್ಡಿಯ ಅಂಚಿನಲ್ಲಿ ಮಡಿಕೆ ಬಿಟ್ಟಿರುತ್ತಾರೆ, ಮಗು ಬೆಳೆದಾಗ ಬಿಚ್ಚಬಹುದು. ಮರಕ್ಕೆ ಒಳಮಡಿಕೆ ಎಲ್ಲಿಂದ ಬರಬೇಕು?

ಚಿಕ್ಕಮ್ಮ ಅತ್ತ ತಿರುಗಿದಾಗ ಕತ್ತರಿಯಕ್ಕ ಮೈ ತೂಗಿ ನೋಡಿದಳು. ಒಂದು, ಎರಡು, ಮೂರು. ಸ್ಟೂಲು ಬಿಡಲಿಲ್ಲ. ಮೇಜು ಎದೆಯ ಮಟ್ಟಕ್ಕೆ ಬಂದಿತ್ತು. ಕೂತಲ್ಲೇ ಸೀಮೆಸುಣ್ಣ ಹಿಡಿದು, ಅಂಗಿಗಳ ತೋಳು, ಬೆನ್ನು, ಕಾಲರುಗಳನ್ನು ಬಟ್ಟೆಯ ಮೇಲೆ ಗುರುತು ಹಾಕತೊಡಗಿದಳು. ಒಂದು ಮುಗಿದರೆ ಇನ್ನೊಂದು. ನೀರು ಕುಡಿಯಲಿಲ್ಲ, ಕುಡಿದರೆ ಏಳಬೇಕಾಗುತ್ತದೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದರು. ಕತ್ತರಿಯಕ್ಕ ಹಸಿವಿಲ್ಲ ಎಂದಳು. ಚಿಕ್ಕಮ್ಮ ಹೋಗಲಿಲ್ಲ.

"ಬೆಳಿಗ್ಗೆಯಿಂದ ಕತ್ತರಿ ಮುಟ್ಟಿಲ್ಲ ನೀನು. ಬೇರು ಬಿಟ್ಟಿದ್ದೀಯಾ? ಏಳೇ ಅಂದ್ರೆ!" ಎನ್ನುತ್ತ ತೋಳು ಹಿಡಿದು ಜಗ್ಗಿಯೇಬಿಟ್ಟಳು.

"ಬೇಡ ಚಿಕ್ಕಮ್ಮ—"

ತೋಳು ಮೇಲೆ ಹೋಯಿತು, ಕಾಲು ಜೊತೆಗೆ ಹೋಗಲಿಲ್ಲ. ಕತ್ತರಿಯಕ್ಕ ಸ್ಟೂಲಿನಿಂದ ಜಾರಿ ಕತ್ತರಿಸಿ ಉಳಿದ ಚಿಂದಿಗಳ ರಾಶಿಯ ಮೇಲೆ ಕೂತಳು. ಪೆಟ್ಟಾಗಲಿಲ್ಲ. ಚಿಕ್ಕಮ್ಮನ ಕೂಗಿಗೆ ಯಜಮಾನರು ಊಟದ ಕೈಯಲ್ಲೇ ಓಡಿ ಬಂದರು. ಇಬ್ಬರೂ ಕಂಕುಳಿಗೆ ಕೈ ಹಾಕಲು ಬಗ್ಗಿದರು.

"ನಿಲ್ಲಿ," ಎಂದಳು ಅವಳು, ಅಳತೆ ಹೇಳುವ ದನಿಯಲ್ಲೇ. "ಎಳೆದ್ರೆ ತೋಳು ಬರುತ್ತೆ, ನಾನು ಬರಲ್ಲ. ಆ ಖಾಕಿ ಥಾನು ತನ್ನಿ. ಗಟ್ಟಿಯಾಗಿ ಸುತ್ತಿರೋದು."

ಅವಳು ಎಡಕ್ಕೆ ವಾಲಿದಳು, ಬಟ್ಟೆಯ ಥಾನನ್ನು ಅಡಿಗೆ ಸರಿಸಿದರು. ಬಲಕ್ಕೆ ವಾಲಿದಳು, ಪೂರ್ತಿ ಒಳಗೆ ತಳ್ಳಿದರು. ನಾಲ್ಕು ಇಂಚು. ಅದರ ಮೇಲೆ ಬಿಳಿಯದು. ಅಕ್ಕಪಕ್ಕ ಕೈ ಊರಲು ಇನ್ನೆರಡು. ಏರುತ್ತ ಏರುತ್ತ ಅವಳು ಹೇಳುತ್ತ ಹೋದಳು: ಇದು ಮಂಡಿನೋವಲ್ಲ, ಇದಕ್ಕೆ ಹೆಸರಿದೆ, ಮದ್ದಿಲ್ಲ.

"ಎಷ್ಟು ವರ್ಷದಿಂದ?" ಯಜಮಾನರು ಕೇಳಿದರು.

"ಏಳು."

"ನೀನು ಹೇಳಿದ ಎಣ್ಣೇನೇ ನಾನೂ ಮಂಡಿಗೆ ಹಚ್ಕೋತಾ ಇದ್ದೀನಲ್ಲಮ್ಮ!"

"ಕಡಿಮೆಯಾಯ್ತಾ?"

"ಆಯ್ತಪ್ಪ."

"ನಿಮಗಾದ್ರೂ ಆಯ್ತಲ್ಲ ಬಿಡಿ."

ಚಿಕ್ಕಮ್ಮ ಮೂಗು ಒರೆಸಿಕೊಳ್ಳುತ್ತ ನೀಲಿ ಥಾನು ತಂದಳು. ಐದು ಥಾನು ಆದ ಮೇಲೆ ಕತ್ತರಿಯಕ್ಕ ಕೊರಳ ಟೇಪನ್ನು ನೆಲಕ್ಕೆ ಇಳಿಬಿಟ್ಟು ನೋಡಿದಳು. "ಇನ್ನೆರಡು ಇಂಚು." ಲೈನಿಂಗ್ ಬಟ್ಟೆ ಮಡಿಚಿ ಅಡಿಗಿಟ್ಟರು. ಮೇಜಿಗೆ ಅಂಗೈ ಊರಿ ಮೂರನೆಯ ತೂಗಿಗೆ ಎದ್ದು ನಿಂತಳು. ಯಾರೂ ಮುಟ್ಟಲಿಲ್ಲ.

ನಿಂತ ಮೇಲೆ ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಯಜಮಾನ್ರೇ, ಮುಂದಿನ ವರ್ಷ ಇಪ್ಪತ್ಮೂರು ಇಂಚು ಬೇಕಾಗುತ್ತೆ. ಆಮೇಲೆ ನಿಲ್ಲೋಕೇ ಆಗದೆ ಗಾಲಿಕುರ್ಚಿ ಬರಬಹುದು. ನಾಳೆಯಿಂದ ಬರಬೇಕೋ ಬೇಡ್ವೋ, ಈಗಲೇ ಹೇಳಿಬಿಡಿ."

ಯಜಮಾನರು ಮೇಜಿನ ಸುತ್ತ ಒಮ್ಮೆ ನಡೆದರು. ಬೆಳಿಗ್ಗೆಯಿಂದ ಕೂತು ಹಾಕಿದ ಗೆರೆಗಳು ಬಟ್ಟೆಯ ತುಂಬ ಹರಡಿದ್ದವು. ತೋಳಿನ ಓರೆಗೆ ಕಾಲರು ಒರಗಿತ್ತು, ಬೆನ್ನಿನ ಬದಿಗೆ ಜೇಬು ಹೊಂದಿತ್ತು. ಅಂಗೈಯಗಲ ಜಾಗವೂ ಪೋಲಾಗಿರಲಿಲ್ಲ.

"ಕತ್ತರಿಸೋರು ಸಿಗ್ತಾರಮ್ಮ. ಹೀಗೆ ಗೆರೆ ಹಾಕೋರು ಎಲ್ಲಿ ಸಿಗ್ತಾರೆ? ನೀನು ಕೂತು ಗುರುತು ಹಾಕು. ಸ್ಟೂಲಿನ ಕಾಲು ನಿನ್ನ ಗಂಡ ನೋಡ್ಕೊಳ್ಲಿ. ಕತ್ತರಿ ಚಿಕ್ಕಮ್ಮ ಹಿಡೀತಾರೆ. ಮರಾನೇ ಕುಯ್ಸಿದವರಿಗೆ ಬಟ್ಟೆ ಯಾವ ಲೆಕ್ಕ?"

"ಅಯ್ಯೋ, ನನ್ನ ಕೈಲಾಗಲ್ಲಪ್ಪ," ಎಂದಳು ಚಿಕ್ಕಮ್ಮ.

ಕತ್ತರಿಯಕ್ಕ ಮೇಜಿನ ಮೇಲಿದ್ದ ಕತ್ತರಿಯನ್ನು ಕೈಗೆತ್ತಿಕೊಂಡಳು. ಮೇಜು ಉಳಿಯಿತು, ಕತ್ತರಿ ಹೋಯಿತು. ಇಪ್ಪತ್ತು ವರ್ಷ ಅವಳ ಹೆಬ್ಬೆರಳು ತಿಕ್ಕಿ ತಿಕ್ಕಿ ಹಿಡಿಯ ಒಳಬದಿ ನುಣುಪಾಗಿತ್ತು. ಅಲ್ಲಿ ಒಮ್ಮೆ ಬೆರಳಾಡಿಸಿ, ಹಿಡಿಯನ್ನು ಮುಂದೆ ಮಾಡಿ ಚಿಕ್ಕಮ್ಮನ ಕಡೆ ಚಾಚಿದಳು.

"ತಗೊಳ್ಳಿ. ಗೆರೆ ಬಿಟ್ಟು ಹೋಗಬೇಡಿ, ಅಷ್ಟೇ. ಬಾಯಿ ಪೂರ್ತಿ ಮುಚ್ಚಬಾರದು, ಅಂಚು ಹಲ್ಲುಹಲ್ಲಾಗುತ್ತೆ."

"ಯಾರ ಬಾಯಿ, ನಂದಾ?"

"ಕತ್ತರೀದು ಚಿಕ್ಕಮ್ಮ. ನಿಮ್ಮದು ಮುಚ್ಚಿದ್ರೂ ನಷ್ಟವಿಲ್ಲ."

ಚಿಕ್ಕಮ್ಮ ನಗಲೂ ಹೆದರಿ, ಉಸಿರು ಬಿಗಿಹಿಡಿದು ಬಗ್ಗಿದಳು. ಹತ್ತು ಪದರ ಬಟ್ಟೆ ಸುಣ್ಣದ ಗೆರೆಯ ಗುಂಟ ಮೆಲ್ಲನೆ ಬಿಚ್ಚಿಕೊಳ್ಳತೊಡಗಿತು. ಅದು ಅಲುಗದಂತೆ ಇನ್ನೊಂದು ತುದಿಯನ್ನು ಕತ್ತರಿಯಕ್ಕ ಎರಡೂ ಅಂಗೈಯಿಂದ ಒತ್ತಿ ಹಿಡಿದಳು.