ಹದಿನೇಳರ ಮಗ್ಗಿ

ಹದಿನೇಳು ಗುಂಡಿಯ ಅಂಗಿಯನ್ನು ಯಾರೂ ಹಾಕಿಕೊಳ್ಳುವುದಿಲ್ಲ. ಮೂವತ್ತು ವರ್ಷದಿಂದ ಅಂಗಿ ಹೊಲಿಯುತ್ತಿರುವ ನಾನು ಹೇಳುತ್ತಿದ್ದೇನೆ, ನಂಬಿ. ಆದರೂ ನಮ್ಮಮ್ಮ ನನಗೆ ಹದಿನೇಳರ ಮಗ್ಗಿ ಕಲಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ತಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು. ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ ಎನ್ನುವುದೊಂದೇ ಅವಳ ಹೆಮ್ಮೆ. ಹೊಲಿಗೆ ಮೆಷಿನ್ನು ತುಳಿಯುತ್ತಲೇ ನನ್ನಿಂದ ಹೇಳಿಸುತ್ತಿದ್ದಳು. ತಪ್ಪಿದರೆ ಬಟ್ಟೆಗೆ ಗೆರೆ ಎಳೆಯುವ ಮರದ ಸ್ಕೇಲು ನನ್ನ ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು. ನಾನು ತಪ್ಪುತ್ತಿದ್ದದ್ದು ಯಾವಾಗಲೂ ಒಂದೇ ಕಡೆ. ಹದಿನೇಳೇಳ್ಲೆ ಎಂದ ಕೂಡಲೇ ಹಾಳು ಬಾಯಿಗೆ ನೂರ ಹದಿನೇಳೇ ಬರುತ್ತಿತ್ತು.

"ಇದ್ರಿಂದ ಏನಮ್ಮ ಉಪಯೋಗ?" ಎಂದು ಅಳುತ್ತಾ ಕೇಳಿದ್ದೆ.

"ಉಪಯೋಗಕ್ಕೆ ಬಂದಾಗ ಗೊತ್ತಾಗುತ್ತೆ. ಹೇಳೇ ಗುಬ್ಬಿ."

ಬರಲೇ ಇಲ್ಲ. ಶಾಲೆಯಲ್ಲಿ ನನ್ನ ತಲೆಗೆ ತುರುಕಿದ ರಾಜರು, ನದಿಗಳು ಯಾರೂ ಒಂದು ಕಾಲರ್ ಹೊಲಿಯಲು ನೆರವಿಗೆ ಬರಲಿಲ್ಲ. ಲೆಕ್ಕಕ್ಕೆ ಕ್ಯಾಲ್ಕ್ಯುಲೇಟರ್ ಇತ್ತು.

ಈಗ ಮೆಷಿನ್ನು ನನ್ನದು. ಅಮ್ಮ ಅದೇ ಕೋಣೆಯಲ್ಲಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿರುತ್ತಾಳೆ. ಎರಡು ವರ್ಷದಿಂದ ಅವಳಿಗೆ ಮರೆವು. ಮೊದಲು ಒಲೆ ಆರಿಸುವುದನ್ನು ಮರೆತಳು, ಆಮೇಲೆ ಅಪ್ಪ ತೀರಿಕೊಂಡದ್ದನ್ನು, ಕೊನೆಗೆ ನನ್ನನ್ನು. ಊಟ ಮಾಡಿಸುವಾಗ ಸಂಕೋಚದಿಂದ ಮುದುಡುತ್ತಾಳೆ. "ನಿಮಗೆ ಸುಮ್ನೆ ತೊಂದ್ರೆ, ಟೈಲರಮ್ಮ. ನಮ್ಮ ಗುಬ್ಬಿ ಇನ್ನೇನು ಸ್ಕೂಲಿಂದ ಬಂದ್ಬಿಡ್ತಾಳೆ."

ಅಳತೆ ಕೊಡಲು ಬಂದವರು ಬಾಗಿಲಲ್ಲೇ ನಿಂತು ಹೋಗುತ್ತಾರೆ. ಮನೆಯಲ್ಲಿ ಇಬ್ಬರಿದ್ದೇವೆ, ಮಾತಿಗೆ ಒಬ್ಬರೂ ಇಲ್ಲ. ಒಬ್ಬಳೇ ಇದ್ದಿದ್ದರೆ ಇಷ್ಟು ಒಂಟಿ ಅನ್ನಿಸುತ್ತಿರಲಿಲ್ಲವೇನೋ. ಒಂದೇ ಒಂದು ಸಲ ಅವಳು ನನ್ನನ್ನು ಗುಬ್ಬೀ ಎಂದು ಕರೆದರೆ ಸಾಕಿತ್ತು.

ಮೊನ್ನೆ ಮಧ್ಯಾಹ್ನ ಎರಡು ಕಾಲರಿಗೆ ಪಟ್ಟಿ ಕತ್ತರಿಸಬೇಕಿತ್ತು. ಒಂದೊಂದೂ ಹದಿನೇಳು ಇಂಚು. ಕ್ಯಾಲ್ಕ್ಯುಲೇಟರ್ ಬಟ್ಟೆಯ ರಾಶಿಯಡಿ ಎಲ್ಲೋ ಹೂತುಹೋಗಿತ್ತು. "ಹದಿನೇಳೆರಡ್ಲೆ..." ಎಂದು ಗೊಣಗಿದೆ.

"ಮೂವತ್ನಾಲ್ಕು," ಎಂದಿತು ಕಿಟಕಿಯ ಕಡೆಯಿಂದ ಒಂದು ದನಿ.

ನನ್ನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. "ಹದಿನೇಳ್ಮೂರ್ಲೆ?" ಎಂದೆ. "ಐವತ್ತೊಂದು." ಒಂದೂ ತಪ್ಪಿಲ್ಲದೆ ಹತ್ತರವರೆಗೂ ಹೋದಳು. ತಿಂಗಳುಗಳ ನಂತರ ನಾವಿಬ್ಬರೂ ಮಾತಾಡಿದಂತಾಯಿತು. ನಾನು ಆಸೆಯಿಂದ ಅವಳ ಮುಖ ನೋಡಿದೆ. "ನಿಮಗೂ ಬರುತ್ತಾ ಟೈಲರಮ್ಮ?" ಎಂದು ಕೇಳಿದಳು.

ಎರಡು ದಿನ ಯೋಚಿಸಿದೆ. ಸರಿಯಾಗಿ ಹೇಳುವ ಮಗಳು ಅವಳಿಗೆ ಯಾವತ್ತೂ ಇರಲಿಲ್ಲವಲ್ಲ!

ಇವತ್ತು ಅವಳ ಕಾಲ ಬಳಿ ನೆಲದ ಮೇಲೆ ಕೂತೆ. ಮರದ ಸ್ಕೇಲನ್ನು ಅವಳ ತೊಡೆಯ ಮೇಲಿಟ್ಟು, ಕೈ ಮುಂದೆ ಚಾಚಿ, ಒಂದರಿಂದ ಶುರು ಮಾಡಿದೆ. ಆರು ದಾಟಿತು.

"ಹದಿನೇಳೇಳ್ಲೆ ನೂರ ಹದಿನೇಳು."

ಪಟ್ಟನೆ ಗೆಣ್ಣಿನ ಮೇಲೆ ಬಿತ್ತು ಏಟು. "ನೂರ ಹತ್ತೊಂಬತ್ತು ಕಣೇ ಗುಬ್ಬಿ! ಎಷ್ಟು ಸಲ ಬಡ್ಕೊಳ್ಲಿ ನಿಂಗೆ? ಹೇಳು, ಮೊದ್ಲಿಂದ ಹೇಳು!"

ಕಣ್ಣೊರೆಸಿಕೊಳ್ಳುತ್ತಾ ಮೊದಲಿನಿಂದ ಹೇಳಿದೆ. ಈ ಸಲ ಖುಷಿಯಲ್ಲಿ ಮೈಮರೆತು ಏಳರಲ್ಲೂ ಸರಿಯಾಗಿ ಹೇಳಿಬಿಟ್ಟೆ. ಹತ್ತು ಮುಗಿಯುವಷ್ಟರಲ್ಲಿ ಅಮ್ಮ ಸ್ಕೇಲು ಕೆಳಗಿಟ್ಟು ಕಿಟಕಿಯತ್ತ ತಿರುಗಿದ್ದಳು.

"ಟೈಲರಮ್ಮ, ಸ್ಕೂಲು ಬಿಟ್ಟಿರ್ಬೇಕಲ್ವಾ?"

ಸ್ಕೇಲನ್ನು ಎತ್ತಿ ಮತ್ತೆ ಅವಳ ಕೈಗೆ ಕೊಟ್ಟೆ. "ಹದಿನೇಳೊಂದ್ಲೆ ಹದಿನೇಳು," ಎಂದೆ.