ಅಳಿಯನ ಬಾಣಂತನ

ಕುಟುಂಬ ಯೋಜನೆಯಲ್ಲಿ ಗಂಡಸರ ಪಾಲೆಷ್ಟು ಎಂಬುದು ನನ್ನ ಪಿಎಚ್‌ಡಿ ವಿಷಯ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಊಟದ ಬಿಡುವಿನ ಹೊತ್ತಿಗೆ ಹೋಗಿ ಪ್ರಶ್ನೆ ಕೇಳಿದರೆ, ಬುತ್ತಿ ಬಿಚ್ಚಿಕೊಂಡು ಕೂತ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಗುತ್ತಿದ್ದರು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಮಕ್ಕಳು ಇವರಿಗೂ ಬೇಕು, ಆಪರೇಷನ್ ಮಾತ್ರ ಹೆಂಡತಿಗೆ!

ಒಬ್ಬ ನಗಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಹತ್ತಿರ ಬಂದ.

"ಮೇಡಮ್ಮಾರೆ, ನನ್ನ ಹೆಂಡ್ತಿಗೆ ಎರಡೂ ಸಿಜೇರಿಯನ್. ಮೈಯಾಗ ರಕ್ತ ಇಲ್ಲ ಅಂತಾರೆ ಡಾಕ್ಟ್ರು. ಮತ್ತೆ ಆಕಿ ಹೊಟ್ಟೆ ಕೊಯ್ಸೋದು ಬ್ಯಾಡ, ನಾನೇ ಆಪರೇಷನ್ ಮಾಡಿಸ್ಕೊಂತೀನಿ ಅಂದ್ರೆ ನಮ್ಮವ್ವ ಒಪ್ಪಂಗಿಲ್ಲ. ಭಾರ ಎತ್ತಾಕ ಆಗಲ್ಲ ಅಂತಾಳೆ. ಹೌದೇನ್ರಿ?"

"ಅಂಥದ್ದೇನೂ ಇಲ್ರಿ. ಯಾವುದಕ್ಕೂ ಡಾಕ್ಟ್ರನ್ನ ಕೇಳ್ರಿ" ಎಂದೆ.

ಕೇಳಿದ. ತಾಯಿಗೆ ಹೇಳದೆ ಮಾಡಿಸಿಕೊಂಡೂ ಬಿಟ್ಟ. ಮನೆಗೆ ಹೋಗಲು ಧೈರ್ಯ ಸಾಲದೆ ಮಲೆಬೆನ್ನೂರಿನ ಮಾವನ ಮನೆ ಸೇರಿಕೊಂಡ.

ಅವನ ಅನುಭವ ಕೇಳೋಣವೆಂದು ಹರಿಹರದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದೆ. ಒಳಗೆ ಕಾಲಿಟ್ಟವಳಿಗೆ ನಗು ತಡೆಯಲಾಗಲಿಲ್ಲ. ಆಪರೇಷನ್ ಆದವರ ಆರೈಕೆ ಎಂದರೆ ಅವನ ಅತ್ತೆಗೆ ಗೊತ್ತಿದ್ದದ್ದು ಬಾಣಂತನ ಒಂದೇ. ಅಳಿಯನ ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಹತ್ತಿ ಇಟ್ಟು, ಮೆಣಸಿನ ಸಾರು ಅನ್ನ ಉಣ್ಣಿಸಿ ಮಂಚದ ಮೇಲೆ ಕೂರಿಸಿದ್ದರು.

"ಒಂದೆರಡು ದಿನ ರೆಸ್ಟ್ ಸಾಕು ಅಂದಾರ್ರಿ ಡಾಕ್ಟ್ರು" ಎಂದು ಅವನು ಗೋಗರೆದರೆ, "ಥಂಡಿ ಹಿಡಿತೈತೆ, ಸುಮ್ನೆ ಕೂಡ್ರಿ" ಎಂದು ಅತ್ತೆ ಗದರಿದರು. ಅವನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಅಷ್ಟರಲ್ಲಿ ಅವನ ತಾಯಿ ಬಂದರು. ಯಾರೋ ಸುದ್ದಿ ಮುಟ್ಟಿಸಿದ್ದರು. "ದುಡಿಯೋ ಮಗನ್ನ ಹಾಳು ಮಾಡಿದ್ರಲ್ಲೇ" ಎಂದು ಬೀದಿಯಿಂದಲೇ ಕೂಗುತ್ತ ಬಂದವರು ಮಗನ ಅವತಾರ ಕಂಡು ನಿಂತುಬಿಟ್ಟರು. ಅವನು ನಾಚಿ ತಲೆಯ ಬಟ್ಟೆ ಬಿಚ್ಚಲು ಹೋದ. ತಾಯಿ ಅವನ ಕೈ ಹಿಡಿದು ತಡೆದರು. ಮಂಚದ ತುದಿಗೆ ಕೂತು ಸಡಿಲಾದ ಬಟ್ಟೆಯನ್ನು ತಾವೇ ಬಿಗಿದು ಕಟ್ಟಿದರು.

"ನನಗೆ ಆಪರೇಷನ್ ಆದಾಗ ಹೊಲಿಗೆ ಬಿಚ್ಚೋಕಿಂತ ಮೊದ್ಲೇ ನಾಟಿಗೆ ಕಳಿಸಿದ್ರು. ಗದ್ದೆಯಾಗೇ ರಕ್ತ ಹೋತು. ತಲೆಗೊಂದು ಬಟ್ಟೆ ಕಟ್ಕೊಳ್ಳೇ ಅಂತ ಒಬ್ರೂ ಅನ್ಲಿಲ್ಲ."

ಆಮೇಲೆ ಸೊಸೆಯ ಕಡೆ ತಿರುಗಿದರು.

"ನೀನಾದ್ರೂ ಬಚಾವಾದೆ ಬಿಡವ್ವ" ಎಂದರು.