ಭಾವನ ಐದನೇ ಗೇರು

ನಮ್ಮ ಭಾವ ಗೇರ್‌ಬಾಕ್ಸ್ ಮೇಸ್ತ್ರಿ. ರೇಸಿನ ಕಾರುಗಳಿಗೆ ಹಲ್ಲುಚಕ್ರ ಕೂಡಿಸುವುದರಲ್ಲಿ ತಮ್ಮನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ ಎಂಬುದು ಅವರ ನಂಬಿಕೆ. ಹುಟ್ಟಿದ್ದರೂ ತಮಗೆ ತಿಳಿಸದೆ ಹುಟ್ಟಿರಲಾರ ಎಂಬ ಧಾಟಿ. ಅವರ ಸ್ವಂತ ಕಾರೂ ಹಳೆಯ ರೇಸಿನದೇ. ಟಾಪ್ ಗೇರಾದ ಐದನೆಯದರಲ್ಲೂ ಎಂಜಿನ್ ಕಿರುಚುತ್ತಿತ್ತು, ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು. ಅಕ್ಕ ಅದನ್ನು "ನನ್ನ ಸವತಿ" ಎನ್ನುತ್ತಿದ್ದಳು.

ಅಕ್ಕನಿಗೆ ಕ್ಯಾನ್ಸರ್ ಬಂತು. ಆಸ್ಪತ್ರೆ ಹೆದ್ದಾರಿಯ ಆ ತುದಿಯಲ್ಲಿ. ಅವಳನ್ನು ಕೈಹಿಡಿದು ನಡೆಸಲು ಒಬ್ಬರು ಬೇಕೆಂದು ನಾನೂ ಹಿಂದಿನ ಸೀಟೆಂಬ ಹಲಗೆಯ ಮೇಲೆ ಮಡಚಿಕೊಂಡು ಹೋಗುತ್ತಿದ್ದೆ. ಚಿಕಿತ್ಸೆಯಾದ ಮೇಲೆ ಅವಳಿಗೆ ಯಾವ ವಾಸನೆಯೂ ಆಗುತ್ತಿರಲಿಲ್ಲ. ಪೆಟ್ರೋಲಿನ ವಾಸನೆಗಂತೂ ಕರುಳೇ ಬಾಯಿಗೆ ಬರುತ್ತಿತ್ತು. ತುಂಬಿಸಿಕೊಂಡು ಹೊರಟ ಟ್ಯಾಂಕು ವಾಪಸಿನ ಅರ್ಧ ದಾರಿಗೇ ಬರಿದು. ಬಂಕಿನಲ್ಲಿ ನಿಲ್ಲಲೇಬೇಕು.

"ಬೇರೆ ಕಾರು ಬಾಡಿಗೆಗೆ ತಗೊಳ್ಳಿ ಭಾವ," ಎಂದೆ.

ಬೇರೆ ಹೆಂಡತಿಯನ್ನು ತಗೊಳ್ಳಿ ಎಂದವನನ್ನು ನೋಡುವಂತೆ ನೋಡಿದರು. "ಐದನೇ ಗೇರು ಬದಲಾಯಿಸ್ತೀನಿ ಕಣೋ. ಎಂಜಿನ್ ನಿಧಾನ ತಿರುಗ್ಬೇಕು, ಕಾರು ಜೋರಾಗಿ ಹೋಗ್ಬೇಕು. ಹೋಗಿ ಬರೋಕೆ ಒಂದೇ ಟ್ಯಾಂಕು!"

ವೇಗವನ್ನೇ ಅರೆದು ಕುಡಿದವರು ಉಳಿತಾಯಕ್ಕೆ ಇಳಿದರೆ ಅಲ್ಲೂ ಮೊದಲ ಬಹುಮಾನವೇ ಬೇಕು. ಎಂಜಿನ್ನನ್ನು ಎಲ್ಲಕ್ಕಿಂತ ನಿಧಾನ ತಿರುಗಿಸುವ ಹಲ್ಲುಚಕ್ರದ ಜೋಡಿಯನ್ನೇ ಕೂಡಿಸಿದರು. ಸಮತಟ್ಟು ರಸ್ತೆಯಲ್ಲಿ ಎಂಜಿನ್ ತೂಕಡಿಸುತ್ತ ಗೊಣಗಿತು. ಸಣ್ಣ ಏರು ಬಂದದ್ದೇ ತಡ, ಏದುಸಿರು ಬಿಟ್ಟಿತು. ಆಕ್ಸಿಲರೇಟರ್ ಪೂರ್ತಿ ಅದುಮಿದರೂ ಎಳೆಯಲಿಲ್ಲ. ಹೆಜ್ಜೆಹೆಜ್ಜೆಗೂ ನಾಲ್ಕಕ್ಕೆ ಇಳಿಸಬೇಕಾಯಿತು. ಪೆಟ್ರೋಲು ಮೊದಲಿಗಿಂತ ಬೇಗ ಮುಗಿಯಿತು.

ಬಂಕಿನಲ್ಲಿ ಅಕ್ಕ ಬಾಗಿಲು ತೆರೆದು ವಾಂತಿ ಮಾಡಿಕೊಂಡಳು. ಭಾವ ಅವಳ ಬೆನ್ನು ಸವರುತ್ತ, "ತಪ್ಪಾಯ್ತು ಕಣೇ," ಎಂದರು. ಆ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ನಿಮ್ದೇನಲ್ಲ, ನನ್ನ ಸವತೀದು," ಎಂದಳು ಅಕ್ಕ, ಬಾಯಿ ಒರೆಸಿಕೊಂಡು.

ಮನೆಗೆ ಬಂದವರೇ ಗೇರ್‌ಬಾಕ್ಸ್ ಮತ್ತೆ ಬಿಚ್ಚಿದರು. ಈ ಸಲ ಬಹುಮಾನದ ಗೊಡವೆ ಬಿಟ್ಟರು. ಎಂಜಿನ್ ಯಾವ ವೇಗದಲ್ಲಿ ಸುಸ್ತಾಗದೆ ಎಳೆಯುತ್ತದೆಂದು ಏರುಗಳಲ್ಲಿ ಓಡಿಸಿ ಓಡಿಸಿ ಕಿವಿಗೊಟ್ಟು, ಮೂವರ ತೂಕವನ್ನೂ ಲೆಕ್ಕಕ್ಕೆ ಹಿಡಿದು, ನಡುವಿನ ಜೋಡಿಯೊಂದನ್ನು ಆರಿಸಿದರು.

"ಮೂವರದಾ? ನಂದೆಲ್ಲಿದೆ ಈಗ ತೂಕ, ಬಿಡಿ," ಎಂದಳು ಅಕ್ಕ.

ಭಾವ ಕೇಳಿಸದವರಂತೆ ಸ್ಪ್ಯಾನರ್ ಹುಡುಕತೊಡಗಿದರು. ಅದು ಅವರ ಕೈಯಲ್ಲೇ ಇತ್ತು.

ಮುಂದಿನ ಸಲ ಡಾಕ್ಟರು ವರದಿ ನೋಡಿ, ಕನ್ನಡಕ ತೆಗೆದಿಟ್ಟರು. "ಇನ್ನು ಇವ್ರನ್ನ ಇಷ್ಟು ದೂರ ಕರ್ಕೊಂಡು ಬರೋದು ಬೇಡ. ಮನೇಲೇ ಆರಾಮಾಗಿರ್ಲಿ."

ವಾಪಸು ಬರುವಾಗ ಕಾರು ಏರುಗಳನ್ನೆಲ್ಲ ಐದರಲ್ಲೇ ಹತ್ತಿತು. ಬಂಕುಗಳು ಒಂದೊಂದಾಗಿ ಹಿಂದೆ ಸರಿದವು. ಭಾವ ಹೊಗಳಿಕೆಗಾಗಿ ನಮ್ಮ ಮುಖ ನೋಡಬೇಕಾದ ಹೊತ್ತು, ನೋಡಲಿಲ್ಲ.

ಮನೆಯ ಕಡೆಗಿನ ತಿರುವು ಬಂತು. ಭಾವ ಇಂಡಿಕೇಟರ್ ಹಾಕಿದರು.

"ಪೆಟ್ರೋಲು ಇನ್ನೂ ಇದೆಯೇನ್ರೀ?" ಎಂದಳು ಅಕ್ಕ.

"ಇದೆ."

"ಹಾಗಾದ್ರೆ ತಿರುಗಿಸ್ಬೇಡಿ. ಇನ್ನೊಂಚೂರು ಹೋಗೋಣ."

ಭಾವ ಇಂಡಿಕೇಟರ್ ಆರಿಸಿದರು.